ಕೂರದ ಗೇರ್‌ಬಾಕ್ಸ್ ಫಿಲ್ಟರ್, ಕೇಳದ ಆಯಿಲ್: ಎರಡನ್ನೂ ವಾಪಸ್ ತಗೊಳ್ಳಿ

ಗೆ,
ಗ್ರಾಹಕರ ದೂರು ವಿಭಾಗದ ಮುಖ್ಯಸ್ಥರು,
ಕಾರ್ ಬಿಡಿಭಾಗಗಳ ಆನ್‌ಲೈನ್ ಮಾರಾಟ ಸಂಸ್ಥೆ

ವಿಷಯ: ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸರ್ವಿಸ್ ಕಿಟ್ ಹೊಂದದೇ ಇರುವುದು, ಹಣ ವಾಪಸ್ ಕೊಡಲು ನಿಮ್ಮವರು ಒಪ್ಪದೇ ಇರುವುದು

ಮಾನ್ಯರೇ,

ನನ್ನದು ಇನ್ನೋವಾ ಕ್ರಿಸ್ಟಾ, 2.8 ಡೀಸೆಲ್ ಆಟೋಮ್ಯಾಟಿಕ್, 2017ರ ಮಾಡೆಲ್. ಇದೇ ಗಾಡಿಯ ಹೆಸರು, ಇದೇ ವರ್ಷ ಆರಿಸಿ ನಿಮ್ಮ ಅಂಗಡಿಯಿಂದ ಗೇರ್‌ಬಾಕ್ಸ್ ಸರ್ವಿಸ್ ಕಿಟ್ ತರಿಸಿದೆ. ಫಿಲ್ಟರ್, ಅದರ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ), ಸಂಪ್ ಪ್ಯಾಕಿಂಗ್ (ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆ ಸೋರದ ಹಾಗೆ ಕೂರಿಸುವ ಗ್ಯಾಸ್ಕೆಟ್), ಜೊತೆಗೆ ಈ ಗೇರ್‌ಬಾಕ್ಸ್‌ಗೆ ಹಾಕುವ ಟೊಯೋಟಾ ಡಬ್ಲ್ಯೂಎಸ್ ಆಯಿಲ್. ಪರದೆ ಮೇಲೆ ಹಸಿರು ಅಕ್ಷರದಲ್ಲಿ 'ನಿಮ್ಮ ಕಾರಿಗೆ ಹೊಂದುತ್ತದೆ' ಅಂತ ಬಂತು, ಅದನ್ನು ನಂಬಿ ದುಡ್ಡು ಕಟ್ಟಿದೆ. ಬಂದ ಸಾಮಾನಿನಲ್ಲಿ ಸಂಪ್ ಪ್ಯಾಕಿಂಗ್ ಒಂದು ಸರಿಯಾಗಿದೆ. ಫಿಲ್ಟರ್ ಕೂರುವುದಿಲ್ಲ. ಆಯಿಲ್ ನಾನು ಕೇಳಿದ್ದೇ ಅಲ್ಲ. ವಾಪಸ್ ತಗೊಳ್ಳಿ ಅಂದರೆ 'ಪ್ಯಾಕ್ ಒಡೆದಿದ್ದೀರಿ ಸರ್, ರಿಟರ್ನ್ ಆಗಲ್ಲ' ಅನ್ನುವ ಒಂದೇ ಮಾತು. ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಆ ಮಾತಿನ ಬಗ್ಗೆ.

ಮೊದಲು ಆಯಿಲ್ ವಿಷಯ ಮುಗಿಸುತ್ತೇನೆ. ಅದು ಬೇರೆ ಪಾರ್ಸೆಲ್‌ನಲ್ಲಿ ಬಂತು. ಕ್ಯಾನ್ ಮೇಲೆ ಡಬ್ಲ್ಯೂಎಸ್ ಅಂತ ಎಲ್ಲೂ ಇಲ್ಲ, 'ಮಲ್ಟಿ ವೆಹಿಕಲ್ ಎಟಿಎಫ್', ಅಂದರೆ ಹಲವು ಗಾಡಿಗಳಿಗೆ ಹಾಕುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಅಂತ ಇದೆ. ಸೀಲ್ ಮುಟ್ಟದೆ ಅವತ್ತೇ ಫೋಟೋ ತೆಗೆದು ನಿಮಗೆ ಕಳಿಸಿದೆ. ನಿಮ್ಮ ಪ್ರತಿನಿಧಿ ಫೋನಿನಲ್ಲಿ ಹೇಳಿದ್ದು: 'ಎಟಿಎಫ್ ಎಲ್ಲಾ ಒಂದೇ ಸರ್, ಕೆಂಪಗಿದ್ರೆ ಸಾಕು, ಹಾಕ್ಕೊಳಿ.' ಬಣ್ಣಕ್ಕೂ ಗುಣಕ್ಕೂ ಏನೂ ಸಂಬಂಧ ಇಲ್ಲ. ಕೆಂಪು ಬಣ್ಣ ಬೆರೆಸುವುದು ಎಂಜಿನ್ ಆಯಿಲ್ ಯಾವುದು, ಗೇರ್‌ಬಾಕ್ಸ್ ಆಯಿಲ್ ಯಾವುದು ಅಂತ ಗುರುತು ಸಿಗಲಿ, ಸೋರಿದರೆ ಎಲ್ಲಿಂದ ಅಂತ ಗೊತ್ತಾಗಲಿ ಅಂತ. ಡಬ್ಲ್ಯೂಎಸ್ ತೆಳು ಆಯಿಲ್. ಟೊಯೋಟಾದವರದೇ ಹಳೆಯ ಟಿ-4 ಆಯಿಲ್ ಅದಕ್ಕಿಂತ ದಪ್ಪ, ಒಂದರ ಜಾಗಕ್ಕೆ ಇನ್ನೊಂದು ಹಾಕುವ ಹಾಗಿಲ್ಲ. ಒಂದೇ ಕಂಪನಿಯ ಎರಡು ಆಯಿಲ್ ಕಥೆಯೇ ಹೀಗಿರುವಾಗ ಎಲ್ಲಾ ಗಾಡಿಗೂ ಒಂದೇ ಆಯಿಲ್ ಅಂತ ಧೈರ್ಯವಾಗಿ ಹೇಳುವುದು ಹೇಗೆ? ಒಳಗಿನ ಕ್ಲಚ್‌ಗಳು ಎಷ್ಟು ಹಿಡಿಯಬೇಕು, ಎಷ್ಟು ಜಾರಬೇಕು ಅನ್ನುವುದು ಆ ಆಯಿಲ್ ಮೇಲೇ ನಿಂತಿದೆ. ತಪ್ಪು ಆಯಿಲ್ ಬಿದ್ದರೆ ಗೇರ್ ಬದಲಾಗುವಾಗ ಜರ್ಕ್, ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗುವಾಗ ನಡುಕ ಶುರುವಾಗಬಹುದು.

ಇನ್ನೊಂದು ವಿಷಯ ನಿಮ್ಮವರಿಗೆ ತಿಳಿದ ಹಾಗಿಲ್ಲ. ಸಂಪ್ ಇಳಿಸಿದಾಗ ಹೊರಗೆ ಬರುವುದು ಒಟ್ಟು ಆಯಿಲ್‌ನಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಟಾರ್ಕ್ ಕನ್ವರ್ಟರ್ ಒಳಗೆ, ಕೂಲರ್ ಪೈಪ್‌ಗಳಲ್ಲಿ ಹಾಗೇ ಇರುತ್ತದೆ. ಅಂದರೆ ತಪ್ಪು ಆಯಿಲ್ ಒಮ್ಮೆ ಬೆರೆತರೆ ಒಂದು ಸಲ ಡ್ರೈನ್ ಮಾಡಿದರೆ ಹೋಗುವುದಿಲ್ಲ, ಮತ್ತೆ ಮತ್ತೆ ಇಳಿಸಿ ತುಂಬಬೇಕು. ಆ ಖರ್ಚು ನೀವು ಕೊಡುತ್ತೀರಾ?

ನಾನು ಶಿವಮೊಗ್ಗಕ್ಕೆ ಹೋಗಿ ಡೀಲರ್ ಕೌಂಟರ್‌ನಲ್ಲಿ ಸರಿಯಾದ ಆಯಿಲ್ ಕೊಂಡು ತಂದೆ. ನಿಮ್ಮ ಕ್ಯಾನ್‌ಗಳು ಸೀಲ್ ಸಮೇತ ಇಲ್ಲೇ ಇವೆ. ಅದಕ್ಕೂ 'ಲಿಕ್ವಿಡ್ ಐಟಂ ವಾಪಸ್ ಇಲ್ಲ' ಅಂದರು. ತಪ್ಪು ಕಳಿಸಿದ್ದು ನೀವು. ಅದು ದ್ರವವಾದರೇನು, ಗಟ್ಟಿಯಾದರೇನು?

ಈಗ ಫಿಲ್ಟರ್. ಇದು ಇನ್ನೂ ಗಂಭೀರ.

ಗೇರ್‌ಬಾಕ್ಸ್ ಫಿಲ್ಟರ್ ಎಂಜಿನ್ ಆಯಿಲ್ ಫಿಲ್ಟರ್ ಹಾಗೆ ಹೊರಗೆ ಕಾಣುವ ಸಾಮಾನಲ್ಲ. ಕಾರನ್ನು ಸಮತಟ್ಟಾಗಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಆಯಿಲ್ ತುಂಬುವ ಬೋಲ್ಟ್ ಬಿಚ್ಚುತ್ತದಾ ಅಂತ ಮೊದಲು ನೋಡಬೇಕು, ಅದು ಕಚ್ಚಿಕೊಂಡಿದ್ದರೆ ಹಳೇ ಆಯಿಲ್ ಇಳಿಸಿ ಹೊಸದು ತುಂಬಲಾಗದೆ ಕೂರಬೇಕಾಗುತ್ತದೆ. ಆಮೇಲೆ ಡ್ರೈನ್, ಆಮೇಲೆ ಸುತ್ತಲಿನ ಸಣ್ಣ ಬೋಲ್ಟ್‌ಗಳನ್ನೆಲ್ಲ ಬಿಚ್ಚಿ ಸಂಪ್ ಇಳಿಸಬೇಕು. ಅಷ್ಟಾದ ಮೇಲೇ ಫಿಲ್ಟರ್ ಕಣ್ಣಿಗೆ ಬೀಳುವುದು. ಇದನ್ನೆಲ್ಲ ಕ್ರಮವಾಗಿ ಮಾಡಿದೆ. ಆಯಿಲ್ ಕಪ್ಪು ಕಂದಾಗಿತ್ತು, ಬದಲಾಯಿಸುವ ಹೊತ್ತು ಬಂದೇ ಇತ್ತು. ಸಂಪ್ ತಳದ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಮಾತ್ರ ಇತ್ತು, ಲೋಹದ ಚೂರು ಒಂದೂ ಇಲ್ಲ. ಗೇರ್‌ಬಾಕ್ಸ್ ಗಟ್ಟಿಯಾಗಿದೆ ಅಂತ ತುಂಬಾ ಖುಷಿಯಾಯಿತು. ಹಳೇ ಫಿಲ್ಟರ್ ಬಿಚ್ಚಿ ನಿಮ್ಮದನ್ನು ಪಕ್ಕದಲ್ಲಿಟ್ಟೆ. ಮೇಲ್ನೋಟಕ್ಕೆ ಅದೇ ಆಕಾರ. ಎತ್ತಿ ಹಿಡಿದರೆ ಎರಡು ಬೋಲ್ಟ್ ತೂತು ಕೂಡುತ್ತವೆ, ಮೂರನೆಯದು ಅರ್ಧ ಬೆರಳು ಆಚೆಗೆ. ಕತ್ತಿನ ಭಾಗ ಹಳೆಯದಕ್ಕಿಂತ ಸಣ್ಣ. ಓ-ರಿಂಗ್ ಹಾಕಿ ಒತ್ತಿದರೆ ಬಿಗಿಯೇ ಇಲ್ಲ, ಬೆರಳಲ್ಲಿ ತಿರುಗಿಸಿದರೆ ಸುಮ್ನೆ ತಿರುಗುತ್ತದೆ. ವಿಡಿಯೋ ಲಗತ್ತಿಸಿದ್ದೇನೆ, ದಯವಿಟ್ಟು ಕೊನೆವರೆಗೂ ನೋಡಿ.

ಇದಕ್ಕೆ ನಿಮ್ಮವರ ಸಲಹೆ, 'ಸ್ವಲ್ಪ ಸೀಲೆಂಟ್ ಹಚ್ಚಿ ಕೂರಿಸಿ.' ಯಾರಿಗೂ ಈ ಸಲಹೆ ಕೊಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಪಂಪ್ ಆಯಿಲ್ ಎಳೆಯುವುದೇ ಆ ಕತ್ತಿನ ಮೂಲಕ. ಅಲ್ಲಿ ಸಂದು ಉಳಿದರೆ ಆಯಿಲ್ ಜೊತೆ ಗಾಳಿಯೂ ಬರುತ್ತದೆ, ಆಯಿಲ್ ನೊರೆಯಾಗುತ್ತದೆ, ಪ್ರೆಶರ್ ಬೀಳುತ್ತದೆ, ಕ್ಲಚ್‌ಗಳು ಜಾರಿ ಸುಡುತ್ತವೆ. ಸೀಲೆಂಟ್ ಚೂರು ಕಿತ್ತು ಒಳಗೆ ಹೋದರೆ ಆಯಿಲ್ ಹರಿವು ನಿಯಂತ್ರಿಸಿ ಗೇರ್ ಬದಲಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗುವ ಗಾಡಿ ಇದು. ಹುಲಿಕಲ್ ಘಾಟಿ ಹತ್ತುವಾಗ, ತಿರುವಿನಲ್ಲಿ, ಹಿಂದೆ ಲಾರಿ ಇರುವಾಗ ಗೇರ್ ಜಾರಿದರೆ ಏನಾಗುತ್ತದೆ ಅಂತ ಸೀಲೆಂಟ್ ಹಚ್ಚಿ ಅನ್ನುವವರು ಯೋಚನೆ ಮಾಡಬೇಕಲ್ವಾ?

ಈಗ ಆ 'ಪ್ಯಾಕ್ ಒಡೆದಿದ್ದೀರಿ' ಅನ್ನುವ ಮಾತಿಗೆ ಬರುತ್ತೇನೆ. ಪ್ಯಾಕ್ ಒಡೆಯದೆ, ಸಂಪ್ ಇಳಿಸದೆ ಈ ಫಿಲ್ಟರ್ ಹೊಂದುತ್ತದಾ ಇಲ್ಲವಾ ಅಂತ ಯಾರೂ ಹೇಳಲು ಸಾಧ್ಯವಿಲ್ಲ. ಹಾಗಾಗಿ ನಿಮ್ಮ ಈ ನಿಯಮದಲ್ಲಿ ತಪ್ಪು ಫಿಲ್ಟರ್ ಬಂದ ಒಬ್ಬ ಗ್ರಾಹಕನಿಗೂ ಹಣ ವಾಪಸ್ ಸಿಗುವ ದಾರಿಯೇ ಇಲ್ಲ. ನೋಡಿದರೆ ರಿಟರ್ನ್ ಇಲ್ಲ, ನೋಡದಿದ್ದರೆ ತಪ್ಪು ಅಂತ ಗೊತ್ತೇ ಆಗಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಇದನ್ನು ಒಪ್ಪುವುದಿಲ್ಲ. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಸಾಮಾನನ್ನು ವಾಪಸ್ ತೆಗೆದುಕೊಳ್ಳಲು, ಹಣ ಹಿಂತಿರುಗಿಸಲು ಮಾರುವವರು ನಿರಾಕರಿಸುವ ಹಾಗಿಲ್ಲ ಅಂತ ಅಲ್ಲಿ ಸ್ಪಷ್ಟವಾಗಿದೆ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಅಂತಲೂ ಇದೆ. ನನಗೆ ಇವತ್ತಿನವರೆಗೆ ಒಂದು ದೂರು ನಂಬರ್ ಕೂಡ ಬಂದಿಲ್ಲ.

ತಪ್ಪಿನ ಬೇರು ನಿಮ್ಮ ಪಟ್ಟಿಯಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ನೀವು ಕಾರಿನ ಹೆಸರು, ವರ್ಷ ಮಾತ್ರ ಕೇಳುತ್ತೀರಿ. ಒಂದೇ ಹೆಸರಿನ ಕಾರು ಮ್ಯಾನುಯಲ್‌ನಲ್ಲೂ ಬರುತ್ತದೆ, ಆಟೋಮ್ಯಾಟಿಕ್‌ನಲ್ಲೂ ಬರುತ್ತದೆ, ಎಂಜಿನ್ ಬೇರೆಯಾದರೆ ಗೇರ್‌ಬಾಕ್ಸ್ ಕೂಡ ಬೇರೆಯಾಗಬಹುದು. ಚಾಸಿ ನಂಬರ್ ಕೇಳಿ, ಅಸಲಿ ಪಾರ್ಟ್ ನಂಬರ್ ಜೊತೆ ಹೋಲಿಸಿ ಆಮೇಲೆ ಹಸಿರು ಅಕ್ಷರ ತೋರಿಸಿ. ಮನೆಯಲ್ಲೇ ಶ್ರದ್ಧೆಯಿಂದ ಗಾಡಿ ನೋಡಿಕೊಳ್ಳುವವರು ಊರೂರಲ್ಲಿ ಇದ್ದಾರೆ. ಸಾಗರದಂಥ ಊರಲ್ಲಿ ಈ ಕೆಲಸ ಬಲ್ಲ ಗ್ಯಾರೇಜ್ ಸಿಗುವುದು ಕಷ್ಟ, ನಿಮ್ಮಂಥ ಅಂಗಡಿಗಳ ಮೇಲೇ ನಾವು ನಂಬಿಕೆ ಇಟ್ಟಿರುತ್ತೇವೆ.

ಸದ್ಯ ಸಂಪ್ ಬಿಚ್ಚಿದ ಜಾಗಕ್ಕೆ ಬಟ್ಟೆ, ಪ್ಲಾಸ್ಟಿಕ್ ಸುತ್ತಿ ಧೂಳು ಹೋಗದ ಹಾಗೆ ಮುಚ್ಚಿದ್ದೇನೆ, ಕಾರು ಸ್ಟ್ಯಾಂಡ್ ಮೇಲೇ ಇದೆ. ನನಗೆ ಫಿಲ್ಟರ್‌ನದೂ ಆಯಿಲ್‌ನದೂ ಪೂರ್ತಿ ಹಣ ವಾಪಸ್ ಬೇಕು, ಕೂಪನ್ ಬೇಡ, ವಾಲೆಟ್ ಪಾಯಿಂಟ್ ಬೇಡ, ಕಟ್ಟಿದ ಬ್ಯಾಂಕ್ ಖಾತೆಗೇ ಬರಬೇಕು. ಎರಡನ್ನೂ ನಿಮ್ಮ ಖರ್ಚಿನಲ್ಲಿ ಮನೆಯಿಂದ ತೆಗೆದುಕೊಂಡು ಹೋಗಬೇಕು. ಆ ಫಿಲ್ಟರ್ ಈ ಗಾಡಿಗೆ ಹೊಂದುತ್ತದೆ ಅನ್ನುವ ಬರಹವನ್ನು ಪಟ್ಟಿಯಿಂದ ತೆಗೆಯಬೇಕು, ಈಗಾಗಲೇ ಕೊಂಡವರಿಗೆ ತಿಳಿಸಬೇಕು. ಈ ಕೊನೆಯದನ್ನು ಹಣಕ್ಕಿಂತ ಮೊದಲು ಮಾಡಿದರೂ ನನ್ನ ತಕರಾರಿಲ್ಲ.

ಉತ್ತರ ಇಮೇಲ್‌ನಲ್ಲೇ ಕೊಡಿ, ಫೋನ್ ಬೇಡ. ನಿಯಮದ ಅವಧಿಯೊಳಗೆ ಉತ್ತರ ಬರದಿದ್ದರೆ 1915 ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್, ಆರ್ಡರ್ ಮಾಡಿದಾಗಿನ ಸ್ಕ್ರೀನ್‌ಶಾಟ್, ಕ್ಯಾನ್‌ಗಳ ಫೋಟೋ, ಫಿಲ್ಟರ್ ವಿಡಿಯೋ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕ
ಸಾಗರ, ಶಿವಮೊಗ್ಗ ಜಿಲ್ಲೆ