ಎಲ್ಲಿಗೂ ಹೋಗದ ಎರಡು ದಿನ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆ ನಮ್ಮ ಮನೆಗೆ ಮಾವನವರ ಕಾಲದಿಂದ ಬರುತ್ತಿದೆ. ಪತ್ರ ಬರೆಯುತ್ತಿರುವುದು ಮಾತ್ರ ಇದೇ ಮೊದಲು. ಮಗಳ ಕನ್ನಡ ನೋಟ್‌ಬುಕ್ ನೋಡಿದ ಮೇಲೆ ಬರೆಯಲೇಬೇಕು ಅನ್ನಿಸಿತು.

ಮಗಳು ಆರನೇ ಕ್ಲಾಸು. ಎರಡನೇ ಶನಿವಾರ, ಭಾನುವಾರ ಸೇರಿ ಎರಡು ದಿನ ರಜೆ ಇತ್ತು. ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ ಅಂತ ಒಂದು ಪುಟ ಬರೆಯಲು ಶಾಲೆಯಲ್ಲಿ ಹೇಳಿದ್ದರು. ಮಂಗಳವಾರ ರಾತ್ರಿ ಸಹಿ ಹಾಕಿಸಿಕೊಳ್ಳಲು ನೋಟ್‌ಬುಕ್ ತಂದಳು. ದೇವರಾಯನದುರ್ಗಕ್ಕೆ ಹೋಗಿದ್ದೆವು ಅಂತ ಬರೆದಿದ್ದಳು. ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹನ ದರ್ಶನ ಮಾಡಿದೆವು, ನಾಮದ ಚಿಲುಮೆಯಲ್ಲಿ ಜಿಂಕೆ ನೋಡಿದೆವು, ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಜಾಗ ಅದು, ಜಯಮಂಗಲಿ ನದಿ ಹುಟ್ಟುವುದೂ ಈ ಬೆಟ್ಟದಲ್ಲೇ. ಅಕ್ಷರ ಮುತ್ತಿನ ಹಾಗಿತ್ತು. ಟೀಚರ್ ಕೆಂಪು ಇಂಕಿನಲ್ಲಿ 'ಗುಡ್' ಅಂತ ಹಾಕಿದ್ದರು.

ಆದರೆ ನಾವು ದೇವರಾಯನದುರ್ಗಕ್ಕೆ ಹೋಗಿರಲಿಲ್ಲ. ಎಲ್ಲಿಗೂ ಹೋಗಿರಲಿಲ್ಲ. ಅವಳು ಬರೆದದ್ದೆಲ್ಲ ಆ ಶನಿವಾರದ ನಿಮ್ಮ ಪುರವಣಿಯಲ್ಲಿ ಬಂದಿದ್ದ ಲೇಖನದ ಸಾಲುಗಳು. ನಾನೂ ಓದಿದ್ದೆ, ಗುರುತು ಸಿಕ್ಕಿತು.

"ಯಾಕೆ ಪುಟ್ಟಿ ಹೀಗೆ ಬರೆದೆ?" ಅಂತ ಕೇಳಿದೆ.

"ಅಮ್ಮ, ಎಲ್ರೂ ಎಲ್ಲೆಲ್ಲಿಗೋ ಹೋಗಿರ್ತಾರೆ. ನಾವು ಏನೂ ಮಾಡ್ಲೇ ಇಲ್ವಲ್ಲ. ಏನಂತ ಬರೀಲಿ?" ಅಂದಳು.

ನನಗೆ ಬೈಯಲು ಬಾಯಿ ಬರಲಿಲ್ಲ. ಅವಳು ಹೇಳಿದ 'ಏನೂ ಮಾಡ್ಲೇ ಇಲ್ಲ' ಅನ್ನುವ ಮಾತು ಮಾತ್ರ ಮನಸ್ಸಲ್ಲೇ ಉಳಿಯಿತು. ಆ ಎರಡು ದಿನ ನಮ್ಮ ಮನೆಯಲ್ಲಿ ಏನಾಯಿತು ಅಂತ ನಿಮಗೆ ಹೇಳಬೇಕು.

ನಾನು ಬ್ಯಾಂಕ್ ಕ್ಲರ್ಕ್. ಮನೆ ತುಮಕೂರಿನಲ್ಲಿ, ಕೆಲಸ ಬೆಂಗಳೂರಿನಲ್ಲಿ. 11 ವರ್ಷದಿಂದ ರೈಲಿನಲ್ಲಿ ಓಡಾಡುತ್ತಿದ್ದೇನೆ. ಬೆಳಗ್ಗೆ ಐದಕ್ಕೆ ಅಲಾರಂ. ತಿಂಡಿ ಆಗಬೇಕು, ಮೂರು ಡಬ್ಬಿ ಕಟ್ಟಬೇಕು, ಅತ್ತೆಗೆ ಮಾತ್ರೆ ತೆಗೆದಿಡಬೇಕು. ಆಮೇಲೆ ಸ್ಟೇಷನ್ನಿಗೆ ಓಟ. ಕ್ಯಾತ್ಸಂದ್ರ, ಹಿರೇಹಳ್ಳಿ, ನಿಡವಂದ, ದೊಡ್ಡಬೆಲೆ, ಸೋಲದೇವನಹಳ್ಳಿ, ಚಿಕ್ಕಬಾಣಾವರ, ಯಶವಂತಪುರ. ಕಣ್ಣು ಮುಚ್ಚಿಕೊಂಡು ಕೂತರೂ ಯಾವ ಸ್ಟೇಷನ್ ಬಂತು ಅಂತ ಗೊತ್ತಾಗುತ್ತದೆ. ಹೋಗುವಾಗ 60 ಕಿಲೋಮೀಟರಿಗೂ ಜಾಸ್ತಿ, ಬರುವಾಗ ಅಷ್ಟೇ. ವಾರವಿಡೀ ಪ್ರಯಾಣ ಮಾಡಿದವಳಿಗೆ ರಜೆ ಬಂತು ಅಂತ ಮತ್ತೆ ಚೀಲ ತುಂಬಲು ಮನಸ್ಸು ಬರುವುದಿಲ್ಲ. ನಮ್ಮಲ್ಲಿ ಕಾರೂ ಇಲ್ಲ. ಅತ್ತೆಗೆ ಮಂಡಿ ನೋವು, ಬೆಟ್ಟ ಹತ್ತಲಾರರು. ಅವರನ್ನು ಒಬ್ಬರನ್ನೇ ಬಿಟ್ಟು ಹೋಗಲು ನಮಗೆ ಇಷ್ಟವಿಲ್ಲ.

ಆ ಶನಿವಾರ ಅಲಾರಂ ಇಟ್ಟಿರಲಿಲ್ಲ. ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕಿತ್ತು. ರೈಲು ತಪ್ಪಿತು ಅಂತ ಗಾಬರಿಯಿಂದ ಎದ್ದು ಕೂತೆ. ಆಮೇಲೆ ನೆನಪಾಯಿತು, ಇವತ್ತು ಎಲ್ಲಿಗೂ ಹೋಗುವುದಿಲ್ಲ. ಮತ್ತೆ ಕಂಬಳಿ ಎಳೆದುಕೊಂಡು ಮಲಗಿದೆ. ನಿದ್ದೆ ಬರಲಿಲ್ಲ. ಆದರೂ ಮಗಳ ಬೆನ್ನಿಗೆ ಬೆನ್ನು ಕೊಟ್ಟು ಅರ್ಧ ಗಂಟೆ ಸುಮ್ನೆ ಬಿದ್ದುಕೊಂಡಿದ್ದೆ. ಆ ಅರ್ಧ ಗಂಟೆ ಎಷ್ಟು ಹಿತವಾಗಿತ್ತು ಅಂತ ದಿನಾ ಐದಕ್ಕೆ ಏಳುವವರಿಗೆ ಹೇಳಬೇಕಾಗಿಲ್ಲ.

ಶುಕ್ರವಾರ ರಾತ್ರಿಯೇ ನಮ್ಮೆಜಮಾನರು ಅಂತರಸನಹಳ್ಳಿ ಮಾರ್ಕೆಟ್‌ನಿಂದ ಐದು ಕೆಜಿ ಅವರೆಕಾಯಿ ತಂದಿದ್ದರು. ಈಗ ವರ್ಷವಿಡೀ ಸಿಗುವ ಹೆಬ್ಬಾಳ ಅವರೆ ಇದೆ. ತಪ್ಪಲ್ಲ, ರೈತರಿಗೆ ಅನುಕೂಲವೇ. ಆದರೆ ಚಳಿಗಾಲದ ನಾಟಿ ಅವರೆಯ ಸೊಗಡೇ ಬೇರೆ. ಚೀಲ ಬಿಚ್ಚಿದ ಕೂಡಲೇ ಮನೆಯೆಲ್ಲಾ ಆ ವಾಸನೆ.

ಹಿತ್ತಿಲ ಬಾಗಿಲ ಹತ್ತಿರ ಎಳೆಬಿಸಿಲು ಬೀಳುವ ಜಾಗ ಒಂದಿದೆ. ಅಲ್ಲಿ ಹಳೇ ಸೀರೆ ಹಾಸಿ ಕಾಯಿ ಸುರಿದುಕೊಂಡು ನಾಲ್ಕೂ ಜನ ಕೂತೆವು. ಮಗಳು ಸುಲಿದದ್ದಕ್ಕಿಂತ ಹುಳು ಹುಡುಕಿದ್ದೇ ಜಾಸ್ತಿ. ಕಾಯಲ್ಲಿ ಸಿಕ್ಕ ಒಂದೊಂದು ಹಸಿರು ಹುಳುವನ್ನೂ ದಾಸವಾಳದ ಎಲೆ ಮೇಲೆ ಬಿಟ್ಟಳು. ಒಟ್ಟು ಹನ್ನೊಂದು ಹುಳು ಆಯಿತು. ಅವು ಎಲೆಯ ಅಂಚಿಗೆ ಹೋಗಿ ತಲೆ ಎತ್ತಿ ಆ ಕಡೆ ಈ ಕಡೆ ನೋಡುವುದನ್ನು ಬಗ್ಗಿ ಕೂತು ನೋಡಿದಳು. ಆಮೇಲೆ ಇರುವೆ ಬಂದಾವು ಅಂತ ಎಲೆಯನ್ನು ಎತ್ತಿಕೊಂಡು ಹೋಗಿ ಬೇಲಿ ಹತ್ತಿರ ಇಟ್ಟು ಬಂದಳು. ಸಿಪ್ಪೆ ಹಿಂದಿನ ಬೀದಿಯ ಹಸುಗಳಿಗೆ ಹೋಯಿತು.

ಕಾಳು ರಾತ್ರಿಯಿಡೀ ನೆನೆಯಿತು. ಭಾನುವಾರ ಬೆಳಗ್ಗೆ ಹಿದುಕುವ ಕೆಲಸ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಅದುಮಿದರೆ ಒಳಗಿನ ಬೇಳೆ ಚಂಗನೆ ಹಾರಿ ಬರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಮಗಳದು ಮೊದಮೊದಲು ಕಿಟಕಿ ಸರಳಿಗೆ, ಅಪ್ಪನ ಕನ್ನಡಕಕ್ಕೆ ಹೋಗಿ ಬಡಿಯಿತು. ಕೈ ಬಟ್ಟಲ ಹಾಗೆ ಮಾಡಿ ಅಡ್ಡ ಇಟ್ಟುಕೊಳ್ಳಬೇಕು ಅಂತ ಅಜ್ಜಿ ತೋರಿಸಿಕೊಟ್ಟರು. ನಮ್ಮತ್ತೆಗೆ 74. ಎಡಗೈ, ಬಲಗೈ ಎರಡರಲ್ಲೂ ಹಿದುಕುತ್ತಾರೆ, ಕಾಳಿನ ಕಡೆ ನೋಡುವುದೂ ಇಲ್ಲ.

ಕೈಗೆ ಕೆಲಸ ಸಿಕ್ಕಿದರೆ ಅವರಿಗೆ ಮಾತು ತಾನಾಗಿ ಬರುತ್ತದೆ. ಮಗಳು ನಿಮ್ಮ ಪುರವಣಿ ನೋಡಿ, "ಅಜ್ಜಿ, ಜಯಮಂಗಲಿ ದೇವರಾಯನದುರ್ಗದಲ್ಲಿ ಹುಟ್ಟುತ್ತಂತೆ" ಅಂದಳು. ಅತ್ತೆಯ ತವರು ಕೊರಟಗೆರೆ ಕಡೆ. "ಆ ನೀರು ಕುಡಿದೇ ನಾನು ಬೆಳೆದದ್ದು ಕಣೇ" ಅಂತ ಶುರು ಮಾಡಿದರು. ನದಿಯಲ್ಲಿ ನೀರು ಹರಿಯದ ಕಾಲದಲ್ಲೂ ಮರಳು ಕೆದಕಿದರೆ ನೀರು ಸಿಗುತ್ತಿತ್ತಂತೆ. ಊರ ಹತ್ತಿರ ತಲಪರಿಗೆ ಇತ್ತಂತೆ. ಈ ಪದ ನಮ್ಮ ಜಿಲ್ಲೆಯ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಕಡೆಯವರಿಗೆ ಗೊತ್ತಿರುತ್ತದೆ. ಮರಳು ನೆಲದಲ್ಲಿ ಮೇಲೆಯೇ ಜಿನುಗುವ ನೀರಿಗೆ ಗುಂಡಿ ತೋಡಿ, ಅಲ್ಲಿಂದ ಕಾಲುವೆ ಮಾಡಿ ಗದ್ದೆಗೆ ಬಿಡುವುದು. ಮೋಟಾರೂ ಬೇಡ, ಕರೆಂಟೂ ಬೇಡ. ವರ್ಷಕ್ಕೊಮ್ಮೆ ಊರಿನವರೆಲ್ಲ ಸೇರಿ ಹೂಳು ತೆಗೆಯಬೇಕು. ಮನೆಗೊಬ್ಬರು ಬರಲೇಬೇಕು. ಅತ್ತೆಯ ಅಪ್ಪ ಗುದ್ದಲಿ ಹೆಗಲಿಗೆ ಹಾಕಿಕೊಂಡು ಮುಂದೆ, ಇವರು ಮುದ್ದೆ, ಹುರುಳಿಸಾರಿನ ಬುತ್ತಿ ತಲೆ ಮೇಲಿಟ್ಟುಕೊಂಡು ಹಿಂದೆ. ನೀರು ತಿಳಿಯಾದ ಮೇಲೆ ಗಂಗಮ್ಮನಿಗೆ ಪೂಜೆ ಮಾಡಿ ಮಕ್ಕಳಿಗೆಲ್ಲ ಬೆಲ್ಲ ಹಂಚುತ್ತಿದ್ದರಂತೆ.

"ಈಗ ಎಲ್ಲಿದೆ ಅಜ್ಜಿ?"

"ಎಲ್ಲಾ ಬೋರು ಕೊರೆಸಿದರಲ್ಲ. ನೀರು ಕೆಳಗೆ ಹೋಯ್ತು. ತಲಪರಿಗೆ ಒಣಗಿ ಹೋಯ್ತು."

ನಾನು ಈ ಮನೆಗೆ ಬಂದು 18 ವರ್ಷವಾಯಿತು. ಈ ಮಾತು ಒಮ್ಮೆಯೂ ಕೇಳಿರಲಿಲ್ಲ. ಅವರ ಹತ್ತಿರ ಇತ್ತು, ನಾನೇ ಅಷ್ಟು ಹೊತ್ತು ಪಕ್ಕದಲ್ಲಿ ಕೂತಿರಲಿಲ್ಲ. ಬೆಳಗ್ಗೆ 'ಮಾತ್ರೆ ತಗೊಂಡ್ರಾ', ರಾತ್ರಿ 'ಊಟ ಆಯ್ತಾ', ಇಷ್ಟರಲ್ಲೇ ವರ್ಷಗಳು ಕಳೆದುಹೋಗಿವೆ.

ಮಧ್ಯಾಹ್ನ ಹಿದುಕಿದ ಬೇಳೆ ಸಾರು, ಬಿಸಿ ಮುದ್ದೆ. ಎಲ್ಲರೂ ಚಾಪೆ ಹಾಸಿ ಮಲಗಿದೆವು. ಸಂಜೆ ನಾಲ್ಕಕ್ಕೆ ಎದ್ದು ಕಾಫಿ. ಮಗಳ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದೆ. ಯಜಮಾನರು ಆರು ತಿಂಗಳಿಂದ ಬಾಯಿ ಬಿಟ್ಟುಕೊಂಡಿದ್ದ ಕುಕ್ಕರ್ ಹಿಡಿಯ ಸ್ಕ್ರೂ ಬಿಗಿ ಮಾಡಿದರು. ಅಷ್ಟೇ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಮನೆಯಲ್ಲಿ ಸುಮ್ನೆ ಇರುವುದು ಅಂದರೆ ಗಂಡಸರಿಗೆ ಒಂದು, ಹೆಂಗಸರಿಗೆ ಇನ್ನೊಂದು. ಲೇಡೀಸ್ ಬೋಗಿಯಲ್ಲಿ ಸೋಮವಾರ ಎಷ್ಟೋ ಜನ, "ಭಾನುವಾರಕ್ಕಿಂತ ಆಫೀಸೇ ವಾಸಿ" ಅನ್ನುತ್ತಾರೆ. ವಾರದ ಬಟ್ಟೆ, ದೋಸೆ ಹಿಟ್ಟು, ಬಾತ್‌ರೂಂ ತೊಳೆಯುವುದು, 'ಇವತ್ತು ಏನು ಸ್ಪೆಷಲ್' ಅನ್ನುವ ಪ್ರಶ್ನೆ. ಅವರೂ ಎಲ್ಲಿಗೂ ಹೋಗಿರುವುದಿಲ್ಲ, ಆದರೆ ಅದು ವಿಶ್ರಾಂತಿ ಅಲ್ಲ ಅಲ್ವಾ? ನಮ್ಮ ಮನೆಯಲ್ಲಿ ಭಾನುವಾರದ ತಿಂಡಿ, ಎರಡು ಹೊತ್ತಿನ ಪಾತ್ರೆ ಯಜಮಾನರದು. ಎರಡು ವರ್ಷದ ಹಿಂದೆ ಜಗಳ ಆಡಿಯೇ ಇದು ನಿಕ್ಕಿಯಾದದ್ದು. ಈಗ ಅವರೇ ಹೇಳಿಸಿಕೊಳ್ಳದೆ ಮಾಡುತ್ತಾರೆ. ರಾತ್ರಿಗೆ ಮಧ್ಯಾಹ್ನದ ಸಾರೇ. ಹೀಗೆ ಇದ್ದದ್ದರಿಂದಲೇ ನನಗೆ ಅತ್ತೆಯ ಪಕ್ಕ ಕೂರಲು ಆಯಿತು.

ರಜೆ ಯಾರೋ ಸುಮ್ನೆ ಕೊಟ್ಟದ್ದಲ್ಲ. ನಮ್ಮ ಯೂನಿಯನ್ ಸಭೆಯಲ್ಲಿ ಹಿರಿಯರೊಬ್ಬರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಬೊಂಬಾಯಿಯ ಗಿರಣಿ ಕೆಲಸಗಾರರಿಗೆ ವಾರದ ರಜೆಯೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಅವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಕೇಳಿದ ಮೇಲೆ, 1890ರಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಬ್ಯಾಂಕಿನವರಿಗೆ ಎರಡನೇ, ನಾಲ್ಕನೇ ಶನಿವಾರದ ರಜೆ ಬಂದದ್ದು 2015ರ ಸೆಪ್ಟೆಂಬರ್ 1ರಿಂದ. ಅದಕ್ಕೆ ಮೊದಲು ಎಲ್ಲ ಶನಿವಾರವೂ ಅರ್ಧ ದಿನ ಕೆಲಸ. ಅರ್ಧ ದಿನ ಅಂದರೂ ನನ್ನಂಥವರಿಗೆ ರೈಲು ಹಿಡಿದು ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಹಾಗಾಗಿ ತಿಂಗಳಿಗೆ ಎರಡು ಸಲ ಬರುವ ಈ ಜೋಡಿ ರಜೆ ನನಗೆ ಬಹಳ ಬೆಲೆಯದ್ದು.

ಸಂಪಾದಕರೇ, ನಿಮ್ಮ ಪ್ರವಾಸದ ಪುಟ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ನನಗೂ ಅದು ಇಷ್ಟ. ನಮ್ಮ ಮನೆಯಿಂದ 15 ಕಿಲೋಮೀಟರ್ ದೂರದ ಬೆಟ್ಟದಲ್ಲಿ ಶಿಂಷೆ, ಜಯಮಂಗಲಿ ಎರಡೂ ಹುಟ್ಟುತ್ತವೆ ಅಂತ ಮಗಳಿಗೆ ಗೊತ್ತಾದದ್ದು ಅಲ್ಲಿಂದಲೇ. ಆದರೆ ಮೇಲೆ ದಪ್ಪ ಅಕ್ಷರದಲ್ಲಿ 'ಈ ವಾರಾಂತ್ಯ ಹೋಗಲೇಬೇಕಾದ ಜಾಗಗಳು' ಅಂತ ಹಾಕುತ್ತೀರಲ್ಲ, ಆ 'ಹೋಗಲೇಬೇಕಾದ' ಅನ್ನುವುದನ್ನು ತೆಗೆಯಿರಿ. ಹೋಗಲಾಗದವರು, ಹೋಗಲು ಮನಸ್ಸಿಲ್ಲದವರು ಬಹಳ ಜನ ಇದ್ದಾರೆ. ಅವರ ಮಕ್ಕಳೂ ನಿಮ್ಮ ಪತ್ರಿಕೆ ಓದುತ್ತಾರೆ.

ಮತ್ತೆ, ಆ ಪುರವಣಿಯಲ್ಲಿ ಕಾಲು ಪುಟ ಮನೆಯಲ್ಲೇ ಇದ್ದವರಿಗೆ ಬಿಟ್ಟುಕೊಡಿ. ಓದುಗರೇ ಬರೆಯಲಿ. ಯಾರೋ ಹಳೇ ಟ್ರಂಕು ತೆಗೆದು ಬಿಸಿಲಿಗೆ ಹಾಕಿರುತ್ತಾರೆ. ಯಾರೋ ಅಪ್ಪನ ಜೊತೆ ಚೌಕಾಬಾರ ಆಡಿರುತ್ತಾರೆ. ಯಾರದೋ ಮನೆಯ ಅಜ್ಜಿ ಒಂದು ಪದ ಹೇಳಿರುತ್ತಾರೆ. ತಲಪರಿಗೆಯಂಥ ಎಷ್ಟು ಪದಗಳು ಒಂದೊಂದು ಮನೆಯ ಮೂಲೆಯಲ್ಲಿ ಕೇಳುವವರಿಲ್ಲದೆ ಕೂತಿವೆಯೋ.

ಶಿಕ್ಷಕರಲ್ಲೂ ಒಂದು ಕೋರಿಕೆ. ನಮ್ಮ ಮಗಳ ಟೀಚರ್ ಬಗ್ಗೆ ನನಗೆ ಗೌರವವಿದೆ, ಇದು ದೂರು ಅಲ್ಲ. ಸೋಮವಾರ ಮಕ್ಕಳನ್ನು 'ಎಲ್ಲಿಗೆ ಹೋಗಿದ್ದಿರಿ' ಅಂತ ಕೇಳುವ ಬದಲು 'ಏನೇನು ಮಾಡಿದಿರಿ, ಯಾರ ಜೊತೆ ಇದ್ದಿರಿ' ಅಂತ ಕೇಳಿ ನೋಡಿ. ಆಗ ಯಾವ ಮಗುವೂ ಸುಳ್ಳು ಬರೆಯಬೇಕಾಗಿಲ್ಲ.

ಆ ರಾತ್ರಿ ಮಗಳಿಗೆ, ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ನನಗೋಸ್ಕರ ಇನ್ನೊಂದು ಸಲ ಬರಿ ಅಂದೆ. ಮೊದಲು ಮುಖ ಸಣ್ಣ ಮಾಡಿದಳು. ಆಮೇಲೆ ಬರೆಯುತ್ತಾ ಹೋದಳು, ಒಂದೂವರೆ ಪುಟ. 'ಅವರೆಕಾಯಿಯ ಹುಳು ಹಸಿರಾಗಿರುತ್ತದೆ, ಅದಕ್ಕೇ ಕಾಣುವುದಿಲ್ಲ' ಅಂತ ಶುರುವಾಗುತ್ತದೆ. ನಡುವೆ ಎದ್ದು ಹೋಗಿ, ತಲಪರಿಗೆಗೆ ಯಾವ ಳ, ಯಾವ ಲ ಅಂತ ಅಜ್ಜಿಯನ್ನು ಕೇಳಿಕೊಂಡು ಬಂದಳು.

ಇನ್ನೆರಡು ವಾರದೊಳಗೆ ನಾಲ್ಕನೇ ಶನಿವಾರ. ಸಂಕ್ರಾಂತಿ ಕಳೆದರೆ ಕಾಯಿ ಬಲಿಯುತ್ತದೆ, ಸೊಗಡೂ ಇರುವುದಿಲ್ಲ ಅಂತ ಅತ್ತೆ ಈಗಿನಿಂದಲೇ ಹೇಳುತ್ತಿದ್ದಾರೆ. ಈ ಸಲ ಏಳು ಕೆಜಿ ತರಲು ಹೇಳಿದ್ದಾರೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಬ್ಯಾಂಕ್ ಉದ್ಯೋಗಿ
ತುಮಕೂರು