ಹಮ್ಮಿಂಗ್ ಬರ್ಡ್‌ಗೆ ಬೆಲ್ಲದ ನೀರು ಬೇಡ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟು ಚಟ್ನಿಪುಡಿ, ಹಪ್ಪಳ ಕಟ್ಟಿಕೊಳ್ಳುತ್ತಿರುವ ನನ್ನ ವಯಸ್ಸಿನವರಿಗೆ ಒಂದು ಮಾತು. ಅಲ್ಲಿ ಹಿತ್ತಲಿಗೆ ಹೂವಿನ ಮಕರಂದ ಹೀರುವ ಪುಟಾಣಿ ಹಕ್ಕಿ ಹಮ್ಮಿಂಗ್ ಬರ್ಡ್ ಬರುತ್ತದೆ. ಅದಕ್ಕೆ ದಯವಿಟ್ಟು ಬೆಲ್ಲದ ನೀರು ಇಡಬೇಡಿ. ಇಲ್ಲಿಂದ ಹೊತ್ತುಕೊಂಡು ಹೋದ ಮಂಡ್ಯದ ಅಚ್ಚು ಬೆಲ್ಲ ಕರಗಿಸಿ ಇಟ್ಟು, ಮಗಳ ಹತ್ತಿರ ಬೈಸಿಕೊಂಡವಳು ನಾನು.

ಹೋದ ಸಲ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಆರು ತಿಂಗಳಿದ್ದೆ. ಅನ್ನಾಸ್ ಹಮ್ಮಿಂಗ್ ಬರ್ಡ್ ಅನ್ನೋ ಜಾತಿ ಅಲ್ಲಿ ವರ್ಷವಿಡೀ ಇರುತ್ತದೆ. ತೂಕ ಹೆಚ್ಚುಕಡಿಮೆ ನಮ್ಮ ಒಂದು ರೂಪಾಯಿ ನಾಣ್ಯದಷ್ಟು. ಗಂಡಿನ ಕುತ್ತಿಗೆ ಮೊದಲು ಕಪ್ಪಗೆ ಕಾಣುತ್ತದೆ, ತಲೆ ಸ್ವಲ್ಪ ತಿರುಗಿಸಿ ಬಿಸಿಲು ಬಿತ್ತೋ, ರಾಣಿ ಬಣ್ಣದ ರೇಷ್ಮೆ ಸೆರಗಿನ ಹಾಗೆ ಝಗ್ ಅನ್ನುತ್ತದೆ.

ನಮಗೆ ಬೆಲ್ಲ ಒಳ್ಳೇದು, ಸಕ್ಕರೆ ಕೆಟ್ಟದ್ದು ಅಲ್ವಾ? ಈ ಹಕ್ಕಿಗೆ ಉಲ್ಟಾ. ಬೆಲ್ಲದಲ್ಲಿರುವ ಕಬ್ಬಿಣದ ಅಂಶ ಅದಕ್ಕೆ ಆಗಿಬರುವುದಿಲ್ಲ. ಜೇನುತುಪ್ಪ ನೀರಿಗೆ ಬಿದ್ದರೆ ಬೇಗ ಹುಳಿ ಬಂದು ಬೂಸ್ಟು ಹಿಡಿಯುತ್ತದೆ. ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು, ಅಷ್ಟೇ. ಕೆಂಪು ಬಣ್ಣ ಬೆರೆಸುವುದೂ ಬೇಡ, ಈ ನೀರು ತುಂಬಿ ತೂಗುಹಾಕುವ ಬಾಟಲಿಯೇ ಕೆಂಪಗಿರುತ್ತದೆ. ಬಿಸಿಲು ಜಾಸ್ತಿ ಇದ್ದರೆ ಎರಡು ದಿನಕ್ಕೊಮ್ಮೆ ಉಳಿದದ್ದನ್ನು ಚೆಲ್ಲಿ, ಬಿಸಿನೀರಲ್ಲಿ ಉಜ್ಜಿ ತೊಳೆದು ಹೊಸದು ತುಂಬಬೇಕು. ಬೇಜಾರಿನ ಕೆಲಸ ನಿಜ. ಆಗಲ್ಲ ಅಂದ್ರೆ ಬಾಟಲಿ ತೂಗುಹಾಕಲೇಬೇಡಿ, ಎರಡು ಸಾಲ್ವಿಯಾ ಹೂವಿನ ಗಿಡ ನೆಡಿಸಿ. ಹಾಕಿದರೆ ಎರಡು ಬಾಟಲಿ ಹಾಕಿ, ಒಂದು ಮನೆಯ ಈ ಬದಿಗೆ, ಇನ್ನೊಂದು ಆ ಬದಿಗೆ. ಗಂಡು ಹಕ್ಕಿ ಭಾರಿ ಜಗಳಗಂಟ. ಕೊಂಬೆ ಮೇಲೆ ಕಾವಲು ಕೂತು ಬಂದವರನ್ನೆಲ್ಲ ಅಟ್ಟುತ್ತದೆ.

ನನ್ನ ಇನ್ನೊಂದು ತಪ್ಪು ಪೊರಕೆಯದು. ದಿನಾ ಬೆಳಗ್ಗೆ ಎದ್ದು ಹಿತ್ತಲ ಸೂರಿನ ಜೇಡರ ಬಲೆ ಹೊಡೆಯುತ್ತಿದ್ದೆ. ಫೆಬ್ರುವರಿಯಲ್ಲಿ ಒಂದು ದಿನ ಹೆಣ್ಣು ಹಕ್ಕಿ ಬಂದು, ನಾನು ಹೊಡೆಯಬೇಕು ಅಂದುಕೊಂಡಿದ್ದ ಬಲೆಯದೇ ಎಳೆಯನ್ನು ಕೊಕ್ಕಿಗೆ ಸುತ್ತಿಕೊಂಡು ನಿಂಬೆ ಗಿಡಕ್ಕೆ ಹೋಯಿತು. ಆಮೇಲೆ ಇಣುಕಿ ನೋಡಿದರೆ ಅರ್ಧ ಅಕ್ರೋಟು ಚಿಪ್ಪಿನಷ್ಟು ಗೂಡು, ಒಳಗೆ ಎರಡೇ ಎರಡು ಮೊಟ್ಟೆ. ಬಲೆಯ ಎಳೆ ಹಿಗ್ಗುತ್ತದೆ, ಹಾಗಾಗಿ ಮರಿ ಬೆಳೆದ ಹಾಗೆ ಗೂಡೂ ಹಿಗ್ಗುತ್ತದಂತೆ. ಪೊರಕೆ ಮೂಲೆಗಿಟ್ಟೆ. ಮರಿಗಳಿಗೆ ಸಣ್ಣ ಹುಳು, ನುಸಿಯೇ ಮುಖ್ಯ ಊಟ ಅಂತ ಗೊತ್ತಾದ ಮೇಲೆ ಮಗಳು ಗಿಡಗಳಿಗೆ ಔಷಧಿ ಹೊಡೆಸುವುದನ್ನೂ ನಿಲ್ಲಿಸಿದಳು. ಕೊಂಬೆ ಕತ್ತರಿಸಲು ಬಂದ ಮಾಲಿಯನ್ನು ಬಾಗಿಲಿಂದಲೇ ವಾಪಸು ಕಳಿಸಿದೆವು. ಗೂಡು ಕೀಳುವುದು ಅಲ್ಲಿ ಕಾನೂನಿನ ಪ್ರಕಾರವೂ ತಪ್ಪು, ವಲಸೆ ಹಕ್ಕಿಗಳ ರಕ್ಷಣೆಗೆ 1918ರ ಕಾಯ್ದೆ ಇದೆ.

ಇನ್ನು ನಮ್ಮೂರಿನ ವಿಷಯ. ದಾಸವಾಳಕ್ಕೆ ಬರುವ ಪುಟ್ಟ ಹಕ್ಕಿಯ ವಿಡಿಯೊ ತೆಗೆದು ಹಮ್ಮಿಂಗ್ ಬರ್ಡ್ ಅಂತ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರಲ್ಲ, ಅದು ಸೂರಕ್ಕಿ. ಹಮ್ಮಿಂಗ್ ಬರ್ಡ್ ಉತ್ತರ, ದಕ್ಷಿಣ ಅಮೆರಿಕ ಬಿಟ್ಟು ಬೇರೆಲ್ಲೂ ಇಲ್ಲ. ಹೇಳಿದರೂ ಕೇಳದೆ ನಮ್ಮ ಬೀದಿಯಲ್ಲೊಬ್ಬರು ಆನ್‌ಲೈನ್‌ನಲ್ಲಿ ಕೆಂಪು ಬಾಟಲಿ ತರಿಸಿ ಕಟ್ಟಿದ್ದಾರೆ. ಸದ್ಯಕ್ಕೆ ಅದಕ್ಕೆ ಇರುವೆ ಸಾಲುಗಟ್ಟಿ ಬರುತ್ತಿದೆ, ಸೂರಕ್ಕಿ ಪಕ್ಕದ ಗಂಟೆ ಹೂವಿಗೆ ಹೋಗುತ್ತಿದೆ.

ಒಬ್ಬ ಓದುಗಿ, ಮೈಸೂರು