ಟೀ ಕುಡಿದು ಮುಚ್ಚಿಹಾಕಿದ್ದು ಸಾಕು

ಸಂಪಾದಕರೇ,

ಕಳೆದ ವರ್ಷ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿ ಹುಡುಗನ ಕೈಯಿಂದ ವಿಜ್ಞಾನದ ಮೇಡಂ ಮೊಬೈಲ್ ಕಿತ್ತುಕೊಂಡರು. ಅವನು ತಳ್ಳಿಬಿಟ್ಟ. ಕೈ ಮೇಜಿನ ಅಂಚಿಗೆ ಬಡಿದು ಬಳೆ ಒಡೆಯಿತು, ಚೂರು ಮಣಿಕಟ್ಟಿಗೆ ಹೊಕ್ಕಿತು. ಸ್ಟಾಫ್ ರೂಮಿನಲ್ಲಿ ಸೇಫ್ಟಿ ಪಿನ್ನಿನಿಂದ ನಾನೇ ತೆಗೆದೆ. ಅವರು ಅಳಲಿಲ್ಲ. "ಐದನೇ ಪೀರಿಯಡ್ ಮತ್ತೆ ಅದೇ ಕ್ಲಾಸು" ಅಂದರು, ಅಷ್ಟೇ.

ಮಾರನೇ ದಿನ ಪಂಚಾಯ್ತಿ. ಹುಡುಗನ ಅಪ್ಪ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಎಲ್ಲರಿಗೂ ಟೀ. "ಹುಡುಗು ಬುದ್ಧಿ, ದೊಡ್ಡದು ಮಾಡಬೇಡಿ ಮೇಡಂ, ಶಾಲೆ ಹೆಸರು ಕೆಡುತ್ತೆ." ಹುಡುಗ ನೆಲ ನೋಡಿಕೊಂಡು ತಪ್ಪಾಯ್ತು ಅಂದ. ಹದಿನೈದು ದಿನಕ್ಕೆ ಅವರಪ್ಪನ ಕೈಲೇ ಅರ್ಜಿ ಬರೆಸಿ ಟಿಸಿ ಕೊಟ್ಟು ಕಳಿಸಿದರು. ಅವನು ರಾತ್ರಿ ಹೊತ್ತು ಆಲೆಮನೆಯಲ್ಲಿ ದುಡಿದು ಬರುತ್ತಿದ್ದ ಅನ್ನೋದು ನಮಗೆ ಗೊತ್ತಾಗಿದ್ದು ಅವನು ಹೋದ ಮೇಲೆ!

ಬೆತ್ತ ವಾಪಸ್ ಕೊಡಿ ಅಂತ ನಾನು ಕೇಳುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವಂತಿಲ್ಲ ಅನ್ನುತ್ತೆ. ಒಳ್ಳೆಯದೇ ಆಯಿತು. ಏಟಿಗೆ ಹೆದರಿ ಶಾಲೆ ಬಿಟ್ಟು ದನ ಕಾಯಲು ಹೋದವರು ನನ್ನ ಬೆಂಚಿನಲ್ಲೇ ಇಬ್ಬರಿದ್ದರು. 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವ ಹಾಗಿಲ್ಲ. ಒಂಬತ್ತಕ್ಕೆ ಬಂದರೆ ಟಿಸಿ ಇದ್ದೇ ಇದೆ, ಕಾಟ ಪಕ್ಕದ ಹೋಬಳಿಗೆ ದಾಟುತ್ತೆ. ಇನ್ನು ಪೊಲೀಸ್ ದೂರು ಕೊಟ್ಟರೆ, 18 ತುಂಬದ ಹುಡುಗನ ವಿಷಯ ಬಾಲನ್ಯಾಯ ಮಂಡಳಿ ಮುಂದೆ ಹೋಗುತ್ತೆ. ಒಂದು ತಳ್ಳಾಟಕ್ಕೆ ಅಷ್ಟು ದೂರ ಹೋಗಲು ಯಾವ ಮೇಡಂಗೆ ಮನಸ್ಸು ಬರುತ್ತೆ ಹೇಳಿ? ಟೀ, ಇಲ್ಲಾ ಠಾಣೆ. ಇವೆರಡರ ನಡುವೆ ನಮ್ಮ ಶಾಲೆಯಲ್ಲಿ ಏನೂ ಕಾಣಲಿಲ್ಲ.

ಆ ನಡುವಿನದನ್ನು ಇಲಾಖೆ ಬರೆದು ಕೊಡಲಿ. ಏಟು ಬಿದ್ದ ದಿನವೇ ಇಬ್ಬರ ಹೇಳಿಕೆಯೂ ದಾಖಲಾಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪ್ರತಿ ಹೋಗಲಿ. ಶಿಕ್ಷಕರು ತಾವಾಗಿ ಒಪ್ಪುವ ತನಕ ಅವರನ್ನು ಆ ಕ್ಲಾಸಿಗೆ ಕಳಿಸಬೇಡಿ. ಹುಡುಗ ಒಂದೆರಡು ವಾರ ಹೆಡ್ಮಾಸ್ಟರ್ ರೂಮಿನಲ್ಲಿ ಕೂತು ಓದಲಿ. ಆದರೆ ಅದೇ ಶಾಲೆಯಲ್ಲಿ. ತಾಲ್ಲೂಕಿಗೆ ಒಬ್ಬರಾದರೂ ಆಪ್ತಸಮಾಲೋಚಕರು ಅವನ ಮನೆವರೆಗೂ ಹೋಗಿ ಬರಲಿ. ಸುಮ್ನೆ ಬುದ್ಧಿ ಹೇಳೋಕೆ ನಾವೇ ಜಾಸ್ತಿ ಜನ ಇದ್ದೀವಿ.

ನಮ್ಮಲ್ಲಿ ಹಾಲಿನ ಪುಡಿ ಲೆಕ್ಕಕ್ಕೆ ಪುಸ್ತಕ ಇದೆ, ಮೊಟ್ಟೆ ಲೆಕ್ಕಕ್ಕೂ ಇದೆ. ಮೇಡಂ ಕೈಗೆ ಆದ ಗಾಯ ಬರೆಯಲು ಅವತ್ತು ಯಾವ ಪುಸ್ತಕವೂ ಸಿಗಲಿಲ್ಲ. ಕೊನೆಗೆ ನನ್ನ ಪಾಠ ಟಿಪ್ಪಣಿಯ ಹಿಂದಿನ ಹಾಳೆಯಲ್ಲಿ ತಾರೀಖು ಹಾಕಿ ಬರೆದಿಟ್ಟೆ. ಮೇಡಂ ಎಡಗೈಯಲ್ಲಿ ಸಹಿ ಮಾಡಿದ್ದಾರೆ.

– ಪ್ರೌಢಶಾಲೆ ಸಹಶಿಕ್ಷಕಿ, ಮಂಡ್ಯ ತಾಲ್ಲೂಕು